ಬನ್ನಿ ಗಿಡದ ಕುಬಸ

೧೯೮೩ನೆಯ ಇಸವಿ ಅಕ್ಟೋಬರ್ ೧೬, ರವಿವಾರ. ರುಧಿರೋದ್ಗಾರಿ ಸಂವತ್ಸರದ ಆಶ್ವೀಜ ಶುದ್ಧ ದಶಮಿ. ಶರತ್ಕಾಲವಾದರೂ ಹಂಸಭಾವಿ ಊರಿನ ಮೇಲೆ ಬೆಳಗಿನಿಂದ ಮೋಡ ಕವಿದಿತ್ತು. ಸರೋಜವ್ವ ಎದ್ದವಳೇ ಹಿತ್ತಲಿಗೆ ಹೋಗಿ ಬನ್ನಿ ಗಿಡವನ್ನು ಮುಟ್ಟಿ ನೋಡಿದಳು.

ಮಂದಿ ಹಿತ್ತಲಲ್ಲಿ ಗುಲಾಬಿ, ಡೇರೆ ಹೂ ಹಚ್ಚುತ್ತಿದ್ದಾಗ ಅವಳು ಗುಡ್ಡ, ಬದುಗಳಿಂದ ತುಂಬೆ, ಲಕ್ಕಿ, ತಂಗಡಿಗಳನ್ನು ತಂದು ನೆಟ್ಟವಳು. ಬನ್ನಿಯನ್ನಂತೂ ಊರ ಮುಂದಿನ ಹಳೆಯ ಮರದ ಬೀಜದಿಂದ ೧೯೭೯ರ ಜೂನ್ ೧೪ರಂದು ಊರಿ ಬೆಳೆಸಿದ್ದಳು. ಆ ಮರ ಈ ಮೇ ತಿಂಗಳ ಬಿರುಗಾಳಿಗೆ ಬುಡಸಹಿತ ಉರುಳಿತ್ತು. ದಸರೆಯ ಸಂಜೆ ಬಂಗಾರವೆಂದು ಹಂಚಿಕೊಳ್ಳುವ ಬನ್ನಿ ಎಲೆಗೆ ಊರಲ್ಲಿ ಉಳಿದದ್ದು ಅವಳ ಎದೆಮಟ್ಟದ ಗಿಡವೊಂದೇ.

ಅವಳು ಓಣಿಯ ಹಿರಿಯ ಮೈಲಾರಪ್ಪನ ಮನೆಗೆ ಓಡಿದಳು.

"ಮಾವಾರ, ಮಂದೆಲ್ಲ ಹಿಡಿ ಹಿಡಿ ಹರಿದರ ಗಿಡ ಸಾಯತೈತ್ರಿ."

"ಗುಡ್ಡದ ಕಸಾ ಎಲ್ಲಾ ತಂದು ಹಚ್ಚಿದಾಕಿ, ಇಷ್ಟು ಜೀನತನ ಎಲ್ಲಿಂದ ತಂದಿ? ಸಂಜೀಕ ಡೊಳ್ಳು ತಗೊಂಡ ಬರ್ತೇವಿ," ಎಂದು ಮೈಲಾರಪ್ಪ ನಕ್ಕ.

ಒಲ್ಲೆನೆಂದರೆ ಊರೇ ಮುನಿದೀತು. ಒಪ್ಪಿದರೆ ಉಳಿಯುವುದು ಬರಿಯ ಕಡ್ಡಿ. ತಿರುಗುವಾಗ ಪಡಸಾಲೆಯಲ್ಲಿ ಅವನ ಮಗಳು ಹಾಲವ್ವ ಕಂಡಳು. ಚೊಚ್ಚಲ ಬಸುರಿ, ಸೀಮಂತದ ಕುಬಸ ಮಾಡಿಸಿಕೊಂಡು ಹಸಿರು ಸೀರೆ, ಹಸಿರು ಬಳೆಯಲ್ಲಿ ಕುಳಿತಿದ್ದಳು.

ಸರೋಜವ್ವ ಮನೆಗೆ ಬಂದು ಟ್ರಂಕಿನಿಂದ ತನ್ನ ಕುಬಸದ ಹಸಿರು ಸೀರೆ ತೆಗೆದು ಗಿಡಕ್ಕೆ ಸುತ್ತಿದಳು. ಟೊಂಗೆಗಳಿಗೆ ಹಸಿರು ಬಳೆ ಏರಿಸಿದಳು. ಗಿಡಕ್ಕೆ ಕುಬಸವೆಂಬುದು ಅವಳು ಕಂಡು ಕೇಳಿದ್ದಲ್ಲ. ದೇವರ ಗಿಡದೊಡನೆ ಆಟವಾದೀತೇ ಎಂದು ಬುಡ ಮುಟ್ಟಿ ಕೈಮುಗಿದಳು.

ಸಂಜೆ ಡೊಳ್ಳು ಹಿತ್ತಲ ಬಾಗಿಲಲ್ಲೇ ನಿಂತಿತು.

"ಏನಿದು, ಸರೋಜವ್ವಾ?"

"ಕುಬಸಾರಿ, ಮಾವಾರ. ಬಸುರಿ ಮೈಮ್ಯಾಲಿನ ಬಂಗಾರ ಕಳಚೂದಿದ್ರ ಕಳಚ್ರಿ."

"ಗಿಡಾ ಹಡಿಯೂದು ಯಾವಾಗಬೇ?" ಎಂದಳು ಮುದುಕಿ ಅಡಿವೆವ್ವ. ಎಲ್ಲರೂ ನಕ್ಕರು.

ಮೈಲಾರಪ್ಪ ಎಲೆಗೆ ಕೈ ಚಾಚಿದ. ಬಳೆ ತಾಗಿ ಖಣ್ ಎಂದಿತು. ಒಡೆದೀತೆಂದು ಥಟ್ಟನೆ ಕೈ ಹಿಂದೆಗೆದು, ಗುಂಪಿನಲ್ಲಿ ನಿಂತ ಮಗಳತ್ತ ನೋಡಿದ.

"ಹಿಂದಕ್ಕ ಸರೀರಿ. ಆಕೀನ ಕೊಡಲಿ."

ಸರೋಜವ್ವ ಕೆಳಗಿನ ಒಂದು ಟೊಂಗೆ ಮಾತ್ರ ಕೊಯ್ದು, ತಲೆಗೊಂದು ಎಲೆ ಹಂಚಿದಳು. ಮುಳ್ಳು ಚುಚ್ಚುತ್ತಿದ್ದರೂ, ಕೊನೆಯವರು ಹೋಗುವವರೆಗೆ ಬೆನ್ನನ್ನು ಗಿಡದಿಂದ ತೆಗೆಯಲಿಲ್ಲ.

ಹಾಲವ್ವ ಅದೇ ಡಿಸೆಂಬರ್ ೧೯ರಂದು ಹೆಣ್ಣು ಹೆತ್ತಳು. ಬನ್ನಿಗೆ ಸೀರೆ ಉಡಿಸುವುದು ೧೯೮೮ರ ದಸರೆಯವರೆಗೆ ನಡೆಯಿತು. ೧೯೮೯ರ ಮೇ ತಿಂಗಳಲ್ಲಿ ಗಿಡ ಮೊದಲ ಸಲ ಕಾಯಿ ಬಿಟ್ಟಿತು. ಜೂನ್ ೯ರಂದು ಸರೋಜವ್ವ ಅದರ ಬೀಜಗಳನ್ನು ಹಳೆಯ ಮರವಿದ್ದ ಜಾಗದಲ್ಲಿ ಊರಿದಳು. ಮೊಳೆತವು ಎರಡು. ಒಂದನ್ನು ಆಡು ತಿಂದಿತು.