ವೈಫೈ ಡಬ್ಬಿಯ ಗವಸು

ಅಂದು ನಲ್ಲಿ ನೀರು ತುಂಬಿಸಿ, ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಒರಳು ತೊಳೆದಿಟ್ಟಿದ್ದೆ. ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುವ ಇಂಟರ್ನೆಟ್‌ನವನು ಬಾಗಿಲಲ್ಲಿ ಚಪ್ಪಲಿ ಜೋಡಿಸಿಟ್ಟು ಒಳಬಂದ.

ಮಗಳ ಕಂಪ್ಯೂಟರ್ ಆಟಕ್ಕೆಂದು ಪಡಸಾಲೆಗೆ ಅಡ್ಡಲಾಗಿ ಎಳೆದಿದ್ದ ಇಂಟರ್ನೆಟ್ ವೈರ್‌ಗೆ ಅತ್ತೆ ಎಡವಿ ಬಿದ್ದಿದ್ದರು. ವೈರು ತೆಗೆದು ಹಿಂದಿನ ದಿನವೇ ಆತ ಗೋಡೆಯ ಗೂಡಿನಲ್ಲಿ ವೈಫೈ ಡಬ್ಬಿ ಇಟ್ಟಿದ್ದ. ಆದರೂ ಆಟ ನಿಂತು ನಿಂತು ಹೋಗುತ್ತಿತ್ತು. ಸರಿಹೋಗದಿದ್ದರೆ ಆಟವೇ ಬಂದ್ ಎಂದಿದ್ದರು ನಮ್ಮ ಯಜಮಾನರು.

“ಆಡಿ ನೋಡೂಣ್ರಿ,” ಎಂದ ಆತ. ಯಾವುದಕ್ಕೂ ಅದೇ ಮಾತು. “ಡಬ್ಬಿ ಎಲ್ಲದರಿ?”

ಅತ್ತೆ ಗೂಡಿನ ಪಕ್ಕದ ಕಬ್ಬಿಣದ ಅಲಮಾರಿ ತೆರೆದರು; ಡಬ್ಬಿಯ ವೈರನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಒಳಗಿಟ್ಟಿದ್ದರು. ಟಿವಿ, ಮಿಕ್ಸಿಗೆಲ್ಲ ಗವಸು ಹೊಲಿದವರು ಡಬ್ಬಿಗೂ ಒಂದು ತೊಡಿಸಿದ್ದರು.

“ಧೂಳ ಕುಂದರಬಾರದಂತ ಇಟ್ಟೀನಪ್ಪ.”

ಆತ ನಗಲಿಲ್ಲ. “ಕಬ್ಬಿಣದಾಗಿಂದ ವೈಫೈ ಹೊರಗ ಬರಂಗಿಲ್ಲವ್ವಾ. ಗವಸು ಭಾಳ ಛಂದ ಅದ, ಬುಡಕ ಹಾಸೂಣ.”

ಗವಸನ್ನು ಗೂಡಿನಲ್ಲಿ ಮಡಿಸಿ ಹಾಸಿ, ಮೇಲೆ ಡಬ್ಬಿ ಇಟ್ಟ. ಮಗಳು ಆಡತೊಡಗಿದಳು; ಪಂದ್ಯ ಮುಗಿಯುವವರೆಗೂ ಆತ ಅವಳ ಪಕ್ಕ ಕುಳಿತ. ಆಟ ಒಮ್ಮೆಯೂ ನಿಲ್ಲಲಿಲ್ಲ.

“ಈ ಸಲ ಸೋತಾಕಿ ನೀನ ತಂಗಿ, ವೈಫೈ ಅಲ್ಲ!” ಎಂದ. ಯಜಮಾನರೂ ನಕ್ಕುಬಿಟ್ಟರು.

ಊಟಕ್ಕೆ ನಿಲ್ಲಿಸಿಕೊಳ್ಳುವಷ್ಟರಲ್ಲಿ ಬಸ್ಸಿಗೆ ಹೊರಟೇಬಿಟ್ಟಿದ್ದ. ನಾವು ರೊಟ್ಟಿ, ಪುಂಡಿಪಲ್ಲೆ ಉಂಡೆವು. ರಾತ್ರಿ ಅತ್ತೆ ಯಾರ ಕೈಯನ್ನೂ ಹಿಡಿಯದೆ ವೈರಿಲ್ಲದ ಪಡಸಾಲೆ ದಾಟಿ ಹೋಗಿ, ಮಗಳ ಆಟದ ಗದ್ದಲದಲ್ಲೇ ಎಲ್ಲರಿಗಿಂತ ಮೊದಲು ನಿದ್ದೆಹೋದರು.