ಸುಣ್ಣದ ಮೇಲೆ ಅಮ್ಮ ಕಂಡ ಗೆರೆ

ಸೀಮೆಎಣ್ಣೆ ಮತ್ತು ಹಸಿ ಸುಣ್ಣದ ವಾಸನೆ ಒಟ್ಟಿಗೆ ಮೂಗಿಗೆ ಬಂದರೆ ಇವತ್ತಿಗೂ ನಾನು ನಿಂತುಬಿಡುತ್ತೇನೆ. ಅರವತ್ತರ ದಶಕದಲ್ಲಿ ಗೊರಗುಂಟೆಪಾಳ್ಯದ ನಮ್ಮ ಮನೆಗೆ ಅಂಟಿಕೊಂಡೇ ಅಪ್ಪನ ಲಾರಿ ಎಂಜಿನ್ ಷೆಡ್ಡು ಇತ್ತು. ಹಿಂದೆ ರಾಗಿ ಹೊಲ, ಮುಂದೆ ತುಮಕೂರು ರಸ್ತೆ. ಎಂಜಿನ್ ಬಿಚ್ಚಿದಾಗಲೆಲ್ಲ ಅದರ ಕನೆಕ್ಟಿಂಗ್ ರಾಡುಗಳು ನಮ್ಮ ಹಿತ್ತಲಿಗೆ ಬರುತ್ತಿದ್ದವು. ಪಿಸ್ಟನ್ನಿನ ಏಟನ್ನೆಲ್ಲ ತಡೆದುಕೊಳ್ಳುವ ಉಕ್ಕಿನ ತೋಳುಗಳು ಅವು. ಅಮ್ಮ ಅವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಸುಣ್ಣ ಬಳಿದು ಒಣಗಲಿಡುತ್ತಿದ್ದಳು. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಉಳಿದ ಎಣ್ಣೆ ಒಸರಿ, ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತಿತ್ತು. ಗೆರೆ ಮೂಡದ ರಾಡುಗಳ ಒರಟು ಅಂಚನ್ನು ಅಪ್ಪ ಅರದಿಂದ ಉದ್ದುದ್ದಕ್ಕೆ ತೀಡಿ, ಎಮರಿ ಕಾಗದದಲ್ಲಿ ನುಣುಪಾಗಿ ಉಜ್ಜುತ್ತಿದ್ದರು. "ಅಡ್ಡ ಉಜ್ಜಬಾರ್ದು ಕಣಮ್ಮ, ಅಡ್ಡ ಗೀರಿನಿಂದ್ಲೇ ಉಕ್ಕು ಸೀಳೋದು" ಎಂದು ನನಗೆ ಹೇಳಿದ್ದರು. ಆ ಹೊತ್ತಿಗಾಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು. ಬೆರಳಿನಲ್ಲೇ ಕೆಲಸ ತೂಗಿಸುತ್ತಿದ್ದರು. ಕಣ್ಣಿನ ಕೆಲಸ ಅಮ್ಮನದು. ನಾವು ಮೂವರೂ ಅದನ್ನು ಯಾರ ಮುಂದೂ ಆಡುತ್ತಿರಲಿಲ್ಲ. ಕಣ್ಣು ಕಾಣದ ಮೇಸ್ತ್ರಿಯ ಹತ್ತಿರ ಲಾರಿ ಬಿಡುವವರು ಯಾರು?

ರಾಜಾನುಕುಂಟೆ ಕಡೆಯಿಂದ ತರಕಾರಿ ತರುತ್ತಿದ್ದ ಬಾಷಾ ಸಾಬರ ಲಾರಿಯಲ್ಲಿ ಒಂದು ರಾಡು ಮುರಿಯಿತು. ಅದಕ್ಕೆ ಬದಲಿ ತಂದು, ಉಳಿದವನ್ನು ಪರೀಕ್ಷೆಗೆ ಇಟ್ಟಿದ್ದಾಗ ಸಾಬರು ತಾಳ್ಮೆಗೆಟ್ಟು ಹಿತ್ತಲಿಗೇ ಬಂದರು. ಸುಣ್ಣ ಬಳಿಯುತ್ತಿದ್ದ ಅಮ್ಮನನ್ನು ಕಂಡು, "ಏನಕ್ಕಾ, ಕಬ್ಬಿಣಕ್ಕೆ ಅರಿಶಿನ ಶಾಸ್ತ್ರಾನಾ? ಮದ್ವೆ ಯಾವಾಗ?" ಎಂದು ನಕ್ಕರು. ಅಮ್ಮ ನಗಲಿಲ್ಲ. ಆಗಲೇ ಬಳಿದು ಒಣಗಿಸಿದ್ದ ಒಂದು ರಾಡಿನ ಕುತ್ತಿಗೆಯಲ್ಲಿ ಸಣ್ಣ ಗೆರೆ ಮೂಡಿತ್ತು. "ರೀ, ಇದು ಬ್ಯಾಡ" ಎಂದಳು. ಪಕ್ಕದಲ್ಲೇ ಇದ್ದ ಅಪ್ಪ ಅದರ ಮೇಲೆ ಬೆರಳಾಡಿಸಿದರು, ಏನೂ ತಗಲಲಿಲ್ಲ. ಸಾಬರು ಬಗ್ಗಿ ನೋಡಿ, "ಸುಣ್ಣ ಬಿರಿದಿರೋದು ಅಷ್ಟೇ. ನೀವು ಹೇಳಿ ಮೇಸ್ತ್ರಿ, ಬಿರುಕು ಐತಾ ಇಲ್ವಾ?" ಎಂದರು. ಅಮ್ಮ ಸುಣ್ಣ ಒರೆಸಿ, ರಾಡನ್ನು ಮತ್ತೆ ನೆನೆಸಿ, ಮತ್ತೆ ಬಳಿದು ಬಿಸಿಲಿಗಿಟ್ಟಳು. ಮೂವರೂ ಕಾಯ್ದರು. ಅದೇ ಜಾಗದಲ್ಲಿ ಅದೇ ಗೆರೆ.

"ನನ್ ಕಣ್ಣಿಗೆ ಕಾಣಲ್ಲ ಸಾಬ್ರೆ," ಅಪ್ಪ ಹೇಳಿಯೇಬಿಟ್ಟರು. "ಸುಮಾರು ದಿನದಿಂದ ಏನೂ ಸರಿಯಾಗಿ ಕಾಣಲ್ಲ. ಇವ್ಳಿಗೆ ಕಾಣ್ತದೆ. ಇದನ್ನ ನಾನು ಹಾಕಲ್ಲ. ಬೇಕಾದ್ರೆ ಲಾರಿ ಬೇರೆ ಕಡೆ ಎಳ್ಕೊಂಡು ಹೋಗಿ."

ಅಮ್ಮನ ಸುಣ್ಣದ ಕೈ ಸೀರೆಯ ಮೇಲೆ ಹಾಗೇ ನಿಂತಿತು. ಸಾಬರು ಬಾವಿಕಟ್ಟೆಯ ಮೇಲೆ ಕೂತು, ಇನ್ನೊಂದು ರಾಡನ್ನು ತಾವೇ ಎತ್ತಿ ಅಮ್ಮನ ಮುಂದೆ ಹಿಡಿದರು. "ಹಂಗಾದ್ರೆ ಇದನ್ನೂ ಇನ್ನೊಂದ್ಸಲ ನೋಡ್ಬಿಡಕ್ಕಾ. ಲಾರಿ ಒಳಗೆ ಕೂರೋನು ನಾನೇ ಅಲ್ವಾ."

ಷೆಡ್ಡು ಮುಚ್ಚಲಿಲ್ಲ. ಮಾಕಳಿಯಿಂದಲೂ ಲಾರಿಗಳು ಬಂದವು. "ಅಕ್ಕ ನೋಡಿದ್ರಾ?" ಎಂದು ಕೇಳಿಯೇ ಡ್ರೈವರುಗಳು ಎಂಜಿನ್ ಜೋಡಿಸಲು ಒಪ್ಪುತ್ತಿದ್ದರು. ಅಪ್ಪ ಪೂರ್ತಿ ಕುರುಡಾದ ಮೇಲೆ ನನಗೊಂದು ಸಂಬಂಧ ಬಂದಾಗಲೂ ಹುಡುಗನ ಕುಲ, ಕೆಲಸ ಏನನ್ನೂ ವಿಚಾರಿಸದೆ, "ನಿಮ್ಮಮ್ಮ ನೋಡಿದ್ಳಾ?" ಎಂದಷ್ಟೇ ಕೇಳಿದರು.

ಅಪ್ಪ ಹೋಗಿ ಬಹಳ ಕಾಲವಾಯಿತು. ಅಮ್ಮ ಮೊನ್ನೆ ಹೋದಳು. ರಾಗಿ ಹೊಲವೂ ಇಲ್ಲ, ಹಿತ್ತಲೂ ಇಲ್ಲ. ಮನೆಯಲ್ಲಿ ಏನಾದರೂ ತೀರ್ಮಾನ ಮಾಡಬೇಕಾದಾಗ ಮಕ್ಕಳು ಈಗ ನನ್ನ ಮುಖ ನೋಡುತ್ತಾರೆ. ನಾನು ಅಭ್ಯಾಸಬಲದಿಂದ ಒಳಮನೆಯ ಕಡೆ ತಿರುಗುತ್ತೇನೆ. ಅಲ್ಲಿ ಯಾರೂ ಇಲ್ಲ. ಕನ್ನಡಕ ಒರೆಸಿಕೊಂಡು, ನಾನೇ ನೋಡುತ್ತೇನೆ.