ಗೋಡಿ ಅಲ್ಲ, ತಂತಿ ಮಾತಾಡಬೇಕು

ಇವತ್ತ ಅಪ್ಪನ ಹತ್ಯಾರದ ಚೀಲ ಬಿಚ್ಚಿದೆ. ತಂತಿ ಹಿಡಿಯೋ ಪಕ್ಕಡ, ತಿರುಪು ತಿರುಗಸೋ ಪೇಚಕಸ, ತಂತಿ ಒತ್ತೋ ಹತ್ಯಾರ. ಹಳೇ ತೊಗಲಿನ ವಾಸನಿ ಬಂದದ್ದೇ ತಡ, ನಾ ಮತ್ತ ಸಣ್ಣ ಹುಡುಗಿಯಾಗಿ ಶಹಾಬಾದಿನ ಫರಸಿಕಲ್ಲಿನ ಸಾಹುಕಾರರ ಆಫೀಸಿನ್ಯಾಗಿದ್ದೆ.

ಅಪ್ಪ ಅಲ್ಲಿ ಖೋಲಿಗೊಂದು ಫೋನು ಕೂಡಸಾಕತ್ತಿದ್ದ. ಬಣ್ಣಬಣ್ಣದ ತಂತಿ ಒತ್ತಿದಾಗೊಮ್ಮೆ 'ಟಕ್' ಅಂತಿತ್ತು. ಎಲ್ಲಾ ಮುಗದ ಮ್ಯಾಲ, ಅಪ್ಪನ ಜೋಡಿ ಕೆಲಸ ಮಾಡೋ ಮೆಹಬೂಬ್ ಚಾಚಾ ಒಳಗಿನ ಖೋಲಿಯಿಂದ ಫೋನಿನ್ಯಾಗ ಒದರಿದ್ರು: "ಹಲೋ! ಕೇಳ್ಸಾಕತ್ತದೇನ್ರಿ?"

ಕೇಳಸ್ತು ಖರೆ, ಗೋಡಿ ದಾಟಿ ಬಂದಿತ್ತು. ಲೈನ್ ಕೂಡೇದೋ ಇಲ್ಲೋ ಯಾರಿಗೂ ತಿಳೀಲಿಲ್ಲ. ಸಾಹುಕಾರರು ಬಾಗಲದಾಗ ಕಾಯಾಕತ್ತಿದ್ರು.

ಅಪ್ಪ ನಕ್ಕ. "ಭಾಯ್, ಗೋಡಿ ಅಲ್ಲ, ತಂತಿ ಮಾತಾಡಬೇಕು. ಮೆಲ್ಲಕ ಅನ್ರಿ, ಮಗಳು ಕೇಳ್ತಾಳ."

ರಿಸೀವರ್ ನನ್ನ ಕಿವಿಗೆ ಹಿಡದ. ಸ್ವಲ್ಪ ಹೊತ್ತು ಬರೇ ಗುಂಯ್. ಆಮ್ಯಾಲ ಚಾಚಾನ ಪಿಸುಮಾತು: "ಬೇಟಿ, ಚಹಾ ಬಂತೇನು?"

ಈಗೂ ಮನ್ಯಾಗ ಜಗಳ ಏರಿದ್ರ ನಾ ದನಿ ಇಳಸ್ತೀನಿ. ಮಾತು ಮುಟ್ಟತದ.